ಹಿರಿಯರ ಕಾಲನಿಯಲ್ಲಿ ಸೈಕಲ್: ಬೆಲ್ ಹೊಡೆದರೆ ಸಾಕಾ?

ಇದು ಈ ವಾರದ ವಿಡಿಯೋದ ಬರಹ ರೂಪ. ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ತಿದ್ದಿ ಬರೆದಿದ್ದೀನಿ. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕಗಳೂ ಇಲ್ಲೇ ಇವೆ.

ಸಾಮಾನ್ಯವಾಗಿ ನಾನು ಇಲ್ಲಿ ಸಾಫ್ಟ್‌ವೇರ್ ವಿಷಯ ಮಾತಾಡ್ತೀನಿ. ಈ ಸಲ ವಿಷಯ ಬೇರೆ. ಮೂರು ತಿಂಗಳ ಹಿಂದೆ ನನ್ನಿಂದ ಒಬ್ಬ ಅಜ್ಜಿಯ ಕೈ ಮುರಿಯಿತು. ಅದರಿಂದ ನಾನು ಏನು ಕಲಿತೆ ಅನ್ನೋದನ್ನ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ಅಪ್ಪ ಅಮ್ಮನನ್ನ ಪುಣೆ, ಚೆನ್ನೈ, ಹೈದರಾಬಾದ್, ಕೊಯಮತ್ತೂರು ಕಡೆಯ ಹಿರಿಯರ ಕಾಲನಿಗಳಲ್ಲಿ ಇಟ್ಟಿದ್ದೀವಿ, ಇಲ್ಲಾ ಇಡೋ ಯೋಚನೆಯಲ್ಲಿದ್ದೀವಿ. ಮನೆ ನೋಡೋಕೆ ಹೋದಾಗ ಲಿಫ್ಟ್ ಕೇಳ್ತೀವಿ, ಡಾಕ್ಟರ್ ಇದ್ದಾರಾ ಕೇಳ್ತೀವಿ, ಊಟ ಹೇಗೆ ಕೇಳ್ತೀವಿ. ಒಳಗಿನ ರಸ್ತೆ ಹೇಗಿದೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಆ ಭಾನುವಾರ

ನಮ್ಮದು ಧಾರವಾಡ. ನಾನು ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷ ಆಯ್ತು, ಕೆಲಸ ಹಿಂಜೆವಾಡಿಯಲ್ಲಿ. ಅಪ್ಪ ಕೆಇಬಿಯಲ್ಲಿದ್ದು ರಿಟೈರ್ ಆದೋರು. ಎರಡು ವರ್ಷದ ಹಿಂದೆ ಅಪ್ಪ, ಅವ್ವ ಇಬ್ಬರನ್ನೂ ಪುಣೆಯ ಹೊರವಲಯದ ಒಂದು ಹಿರಿಯರ ಕಾಲನಿಗೆ ಕರ್ಕೊಂಡು ಬಂದೆ. ಶನಿವಾರ ರಾತ್ರಿ ಅಲ್ಲಿಗೆ ಹೋಗಿ ಉಳೀತೀನಿ, ಕಾರಿನ ಹಿಂದೆ ನನ್ನ ಸೈಕಲ್ ಇರುತ್ತೆ.

ಕಾಲನಿಯ ಸುತ್ತ 1.2 ಕಿ.ಮೀ. ಉದ್ದದ ಒಂದು ರಿಂಗ್ ರಸ್ತೆ ಇದೆ. ಅಗಲ 6 ಮೀಟರ್. ಫುಟ್‌ಪಾತ್ ಇಲ್ಲ. ನಡುವೆ ತೋಟ, ತೋಟದಲ್ಲಿ ಸಣ್ಣ ಗಣಪತಿ ಗುಡಿ. ಬೆಳಿಗ್ಗೆ ಆರರಿಂದ ಎಂಟರ ತನಕ ಅರ್ಧ ಕಾಲನಿ ಅಲ್ಲೇ ವಾಕಿಂಗ್ ಮಾಡುತ್ತೆ. ಆ ಭಾನುವಾರ ಆರೂವರೆಗೆ ನಾನು ಸೈಕಲ್ ಹೊಡೀತಿದ್ದೆ. ತಿರುವಿನ ಒಳಗಡೆ ಕಾಗದದ ಹೂವಿನ ಬೇಲಿ, ಎದೆಯೆತ್ತರ. ತಿರುವಿನಲ್ಲಿ ಬಂದ ಕೂಡಲೇ ಮುಂದೆ ಒಬ್ಬ ಕಾಕು ಕಂಡರು, ನನಗೆ ಬೆನ್ನು ಹಾಕಿ ನಡೀತಿದ್ರು. ವಯಸ್ಸು 74. ಬೆಲ್ ಹೊಡೆದೆ, ಬ್ರೇಕ್ ಹಿಡಿದೆ, ಬಲಕ್ಕೆ ಎಳೆದೆ. ಅವರು ಬೆಲ್ ಕೇಳಿ ಗಕ್ಕನೆ ತಿರುಗಿದರು. ಕಾಲು ತೊಡರಿತು. ಬಿದ್ದರು. ಬೀಳುವಾಗ ಕೈ ಊರಿದ್ರು, ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅಪ್ಪ ಕೇಳಿದ್ರು: "ನೀ ಬೆಲ್ ಹೊಡದಿದ್ಯೋ ಇಲ್ಲೋ?"

"ಹೊಡದಿದ್ದೆ ಅಪ್ಪಾ. ನನ್ನ ಸೈಕಲ್ ಅವರಿಗೆ ತಾಗೇ ಇಲ್ಲ."

"ತಾಗಿಲ್ಲ ಅಂದ್ರ ಆತೇನು? ಬಿದ್ದಾರಲ್ಲ ಅವರು."

ಅದೇ ವಾರ ಕಾಲನಿಯ ಕಮಿಟಿ ಒಂದು ನೋಟಿಸ್ ಹಚ್ಚಿತು. ಗೇಟಿನ ಒಳಗೆ ಸೈಕಲ್ ನಿಷೇಧಿಸುವ ಬಗ್ಗೆ ಮುಂದಿನ ಭಾನುವಾರ ಮೀಟಿಂಗ್. ಇದರಲ್ಲಿ ನನ್ನ ಸೈಕಲ್ ಹೋದ್ರೆ ಹೋಗ್ಲಿ. ಆದ್ರೆ ಅಪ್ಪನ ಸೈಕಲ್? ಅಪ್ಪನಿಗೆ 72. ಎರಡೂ ಮೊಣಕಾಲು ಸವೆದಿದೆ. ಅರ್ಧ ಕಿಲೋಮೀಟರ್ ನಡೆದರೆ ಕೂತುಬಿಡ್ತಾರೆ. ಸೈಕಲ್ ಮೇಲೆ ಮಾತ್ರ ಮೊಣಕಾಲಿನ ಮೇಲೆ ಮೈಭಾರ ಪೂರ್ತಿ ಬೀಳಲ್ಲ, ಹಾಗಾಗಿ ಆರಾಮಾಗಿ ನಾಲ್ಕು ಸುತ್ತು ಹೊಡೀತಾರೆ. ಹಾಲು, ಪೇಪರ್, ಗೆಳೆಯರ ಮನೆ, ಎಲ್ಲದಕ್ಕೂ ಸೈಕಲ್ಲೇ. ನನ್ನ ತಪ್ಪಿಗೆ ಅವರ ಕಾಲು ಕಟ್ಟಿಹಾಕಿದ ಹಾಗೆ ಆಗ್ತಿತ್ತು.

ಮೊದಲು ನನ್ನ ಲೆಕ್ಕ

ನಾನು ಇಂಜಿನಿಯರ್, ತಲೆ ಕೆಟ್ಟಾಗ ಲೆಕ್ಕ ಹಾಕ್ತೀನಿ. ಫೋನಿನ ಆಪ್ ತೆಗೆದು ಆ ತಿರುವಿನಲ್ಲಿ ನನ್ನ ವೇಗ ನೋಡಿದೆ: ಗಂಟೆಗೆ 26 ಕಿ.ಮೀ. ಮಧ್ಯಾಹ್ನ ಟೇಪ್ ತಗೊಂಡು ಹೋಗಿ ಅಳೆದೆ. ಬೇಲಿಯಿಂದಾಗಿ ತಿರುವಿನಲ್ಲಿ ಮುಂದಿನ ರಸ್ತೆ ಕಾಣೋದು ಬರೀ 12 ಮೀಟರ್.

ನಿಲ್ಲೋಕೆ ಬೇಕಾದ ದೂರದಲ್ಲಿ ಎರಡು ಭಾಗ. ಒಂದು, ಕಣ್ಣು ನೋಡಿ, ತಲೆ ಅರ್ಥ ಮಾಡ್ಕೊಂಡು, ಬೆರಳು ಬ್ರೇಕ್ ಹಿಡಿಯೋ ತನಕ ಸೈಕಲ್ ಹೋಗುವ ದೂರ. ನಿರೀಕ್ಷೆ ಇಲ್ಲದ ಸಂದರ್ಭಕ್ಕೆ ಇದಕ್ಕೆ 1.5 ಸೆಕೆಂಡ್ ಹಿಡಿಯೋಣ. ಎರಡನೇದು, ಬ್ರೇಕ್ ಹಿಡಿದ ಮೇಲೆ ನಿಲ್ಲೋ ತನಕ ಹೋಗುವ ದೂರ. ಇದು ವೇಗದ ವರ್ಗವನ್ನ ಬ್ರೇಕಿನ ಶಕ್ತಿಯ ಎರಡರಷ್ಟರಿಂದ ಭಾಗಿಸಿದರೆ ಬರುತ್ತೆ. ಮುಗ್ಗರಿಸದೆ, ಜಾರದೆ ಹಿಡಿಯೋ ಬ್ರೇಕಿಗೆ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರ್ ಅಂತ ಇಟ್ಕೊಳ್ಳಿ. ಪಿಯುಸಿ ಫಿಸಿಕ್ಸ್, ಅಷ್ಟೇ.

ಗಂಟೆಗೆ 10 ಕಿ.ಮೀ. ವೇಗದಲ್ಲಿ ನಿಲ್ಲೋಕೆ ಒಟ್ಟು ಸುಮಾರು 5.5 ಮೀಟರ್ ಬೇಕು. 15ಕ್ಕೆ 9 ಮೀಟರ್. 20ಕ್ಕೆ 13.5 ಮೀಟರ್. 25ಕ್ಕೆ 18.5 ಮೀಟರ್. ನನ್ನ 26ಕ್ಕೆ 19.5 ಮೀಟರ್. ಕಾಣ್ತಿದ್ದದ್ದು 12. ಅಂದ್ರೆ ನನ್ನ ಬೆರಳು ಬ್ರೇಕ್ ಮುಟ್ಟುವ ಹೊತ್ತಿಗೆ 10.8 ಮೀಟರ್ ಮುಗಿದೇ ಹೋಗಿತ್ತು. ಕಾಕು ಅವರ ಅದೃಷ್ಟಕ್ಕೆ ಬಲಗಡೆ ರಸ್ತೆ ಖಾಲಿ ಇತ್ತು. ಖಾಲಿ ಇರದಿದ್ರೆ ಮಣಿಕಟ್ಟಿನ ಬದಲು ಸೊಂಟದ ಮೂಳೆಯ ಮಾತಾಡಬೇಕಿತ್ತು, ಆ ವಯಸ್ಸಿನಲ್ಲಿ ಅದು ಎದ್ದು ನಡೆದಾಡುತ್ತಿದ್ದವರನ್ನ ಹಾಸಿಗೆಗೆ ಕಟ್ಟಿಹಾಕೋ ಪೆಟ್ಟು.

ಇನ್ನೊಂದು ಲೆಕ್ಕ ಹಾಕಿದೆ. 1.2 ಕಿ.ಮೀ. ಸುತ್ತನ್ನ 26ರ ವೇಗದಲ್ಲಿ ಮುಗಿಸೋಕೆ ಸುಮಾರು 2 ನಿಮಿಷ 45 ಸೆಕೆಂಡ್. 15ರ ವೇಗದಲ್ಲಿ 4 ನಿಮಿಷ 48 ಸೆಕೆಂಡ್. ನಾನು ಉಳಿಸ್ತಿದ್ದದ್ದು ಸುತ್ತಿಗೆ ಎರಡು ನಿಮಿಷ. ಭಾನುವಾರ ಬೆಳಿಗ್ಗೆ ಆ ಎರಡು ನಿಮಿಷ ಉಳಿಸಿ ನಾನೇನು ಮಾಡ್ತಿದ್ದೆ? ಮೊಬೈಲ್ ನೋಡ್ತಿದ್ದೆ.

ಬೆಲ್ ಯಾಕೆ ಕೆಲಸ ಮಾಡಲಿಲ್ಲ

ಬೆಲ್ ಹೊಡೆದ್ರೆ ನಮ್ಮ ಜವಾಬ್ದಾರಿ ಮುಗೀತು ಅಂತ ನಾವು ತಿಳ್ಕೊಂಡಿದ್ದೀವಿ. ಹಿರಿಯರ ದೇಹ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಓದಿದ ಮೇಲೆ, ಮನೆಗೆ ಬರೋ ಫಿಸಿಯೋಥೆರಪಿಸ್ಟ್ ಹತ್ರ ಮಾತಾಡಿದ ಮೇಲೆ ಗೊತ್ತಾಗಿದ್ದು ಇದು.

ಮೊದಲನೇದು ಕಿವಿ. ವಯಸ್ಸಾದಂತೆ ಮೊದಲು ಮಂದ ಆಗೋದು ಕೀಚಲು ಸದ್ದುಗಳು. ಈಗಿನ ಸೈಕಲ್‌ಗಳಿಗೆ ಬರೋ ಸಣ್ಣ ಬೆಲ್ "ಟಿಂಗ್" ಅಂತ ಕೀಚಲಾಗಿ ಬಡಿಯುತ್ತೆ. ದೂರದಿಂದ ಅದು ಅವರಿಗೆ ಕೇಳಿಸಲ್ಲ, ಕೇಳಿಸುವಷ್ಟರಲ್ಲಿ ನಾವು ಬೆನ್ನ ಹಿಂದೆ ಬಂದಿರ್ತೀವಿ. ಒಂದು ಕಿವಿ ಇನ್ನೊಂದಕ್ಕಿಂತ ಮಂದ ಆಗಿದ್ರೆ ಸದ್ದು ಯಾವ ಕಡೆಯಿಂದ ಬಂತು ಅನ್ನೋದೂ ಗೊತ್ತಾಗಲ್ಲ.

ಎರಡನೇದು ಕುತ್ತಿಗೆ ಮತ್ತು ಸಮತೋಲನ. ನಾವು ಹಿಂದೆ ನೋಡಬೇಕಂದ್ರೆ ಬರೀ ಕುತ್ತಿಗೆ ತಿರುಗಿಸ್ತೀವಿ. ಕುತ್ತಿಗೆ ಬಿಗಿದಿರೋರು ಇಡೀ ಮೈ ತಿರುಗಿಸ್ತಾರೆ. ನಡೀತಾ ನಡೀತಾ ಮೈ ತಿರುಗಿಸಿದ್ರೆ ಕಾಲು ಪಕ್ಕಕ್ಕೆ ಬೀಳುತ್ತೆ. ಅಂದ್ರೆ ಬೆಲ್ ಕೇಳಿದ ತಕ್ಷಣ ಅವರು ನೇರ ನಡೆಯೋದು ಬಿಟ್ಟು ರಸ್ತೆಯ ನಡುವಿಗೆ ವಾಲ್ತಾರೆ. ಕಾಕು ಅವರಿಗೆ ಆಗಿದ್ದು ಇದೇ. ಅವರನ್ನ ಬೀಳಿಸಿದ್ದು ನನ್ನ ಚಕ್ರ ಅಲ್ಲ, ಹತ್ತಿರ ಬಂದು ಹೊಡೆದ ಬೆಲ್.

ಮೂರನೇದು ಕಣ್ಣು. 20ರ ವಯಸ್ಸಿನ ಕಣ್ಣಿಗೆ ಹೋಲಿಸಿದರೆ 60ರ ಕಣ್ಣಿನ ಪರದೆಗೆ ತಲುಪೋದು ಸುಮಾರು ಮೂರನೇ ಒಂದು ಪಾಲು ಬೆಳಕು. ಪಾಪೆ ಸಣ್ಣದಾಗಿರುತ್ತೆ, ಮಸೂರ ಹಳದಿ ಆಗಿರುತ್ತೆ. ನಸುಕಿನಲ್ಲಿ, ಸಂಜೆ ಮಬ್ಬಿನಲ್ಲಿ ಬೂದು ಟಿ ಶರ್ಟ್ ಹಾಕಿದ ಸೈಕಲ್ ಸವಾರ ಅವರಿಗೆ ರಸ್ತೆಯ ಬಣ್ಣದಲ್ಲೇ ಕರಗಿ ಹೋಗ್ತಾನೆ. ಹಾಗಂತ ಕಣ್ಣಿಗೆ ಕುಕ್ಕುವ ಎಲ್‌ಇಡಿ ಹಾಕಿದ್ರೆ ಪೊರೆ ಇರೋರಿಗೆ ಬೆಳಕು ಚದುರಿ ಏನೂ ಕಾಣದಂತಾಗುತ್ತೆ. ಲೈಟ್ ಬೇಕು, ಆದ್ರೆ ಅದು ನೆಲ ನೋಡ್ತಿರಬೇಕು.

ನಾಲ್ಕನೇದು ನಡಿಗೆಯ ವೇಗ. ಹುಷಾರಾಗಿ ನಡೆಯೋ ಅಜ್ಜಿಯೊಬ್ಬರು ಸೆಕೆಂಡಿಗೆ 0.8 ಮೀಟರ್ ಹೋಗ್ತಾರೆ ಅನ್ನಿ. 6 ಮೀಟರ್ ರಸ್ತೆ ದಾಟೋಕೆ ಏಳೂವರೆ ಸೆಕೆಂಡ್. ಅಷ್ಟರಲ್ಲಿ 20ರ ವೇಗದ ಸೈಕಲ್ ಸುಮಾರು 42 ಮೀಟರ್ ಬಂದಿರುತ್ತೆ. ಅವರು ದಾಟೋಕೆ ಶುರು ಮಾಡಿದಾಗ ರಸ್ತೆ ನಿಜವಾಗಿಯೂ ಖಾಲಿ ಇತ್ತು. "ನೋಡದೇ ದಾಟ್ತಾರೆ" ಅಂತ ನಾವು ಬಯ್ಯೋದು ಎಷ್ಟೋ ಸಲ ಸುಳ್ಳು. ನೋಡಿಯೇ ದಾಟಿರ್ತಾರೆ.

ವಯಸ್ಸಾದ ಸವಾರನ ಕಡೆಯಿಂದಲೂ ನೋಡಿ

ಮೀಟಿಂಗ್‌ಗೆ ಮುಂಚೆ ಅಪ್ಪನ ಜೊತೆ ಒಂದು ಆಟ ಆಡಿದೆ. ಸ್ಕೇಲ್ ಬೀಳಿಸಿ ಬೆರಳಲ್ಲಿ ಹಿಡಿಯೋದು. ನಾನು 18 ಸೆಂ.ಮೀ.ಗೆ ಹಿಡಿದೆ, ಅಂದ್ರೆ 0.19 ಸೆಕೆಂಡ್. ಅಪ್ಪ 27 ಸೆಂ.ಮೀ.ಗೆ, ಅಂದ್ರೆ 0.23 ಸೆಕೆಂಡ್. ವ್ಯತ್ಯಾಸ ತೀರಾ ಕಮ್ಮಿ. "ನೋಡಿದ್ಯಾ, ನಾ ಇನ್ನೂ ಚುರುಕ ಅದೇನಿ" ಅಂದ್ರು. ಆದ್ರೆ ಅದು ಸ್ಕೇಲ್ ಬೀಳುತ್ತೆ ಅಂತ ಗೊತ್ತಿದ್ದು ಹಿಡಿಯೋದು. ರಸ್ತೆಯಲ್ಲಿ ನಿಧಾನ ಆಗೋದು ಬೆರಳಲ್ಲ, "ಇದೇನು, ಈಗ ಏನು ಮಾಡಬೇಕು" ಅನ್ನೋ ತೀರ್ಮಾನ. ಅಲ್ಲಿ ಅವರಿಗೆ 1.5 ಸೆಕೆಂಡ್ ಸಾಲದೇ ಹೋಗಬಹುದು.

ಇನ್ನೊಂದು ಸಂಗತಿ. ಸೈಕಲ್ ತುಳಿಯೋ ಹಿರಿಯರು ತುಂಬಾ ಇರೋ ದೇಶ ನೆದರ್ಲೆಂಡ್ಸ್. ಅಲ್ಲಿ ಸೈಕಲ್ ಸವಾರರಿಗೆ ಆಗೋ ಗಂಭೀರ ಗಾಯಗಳಲ್ಲಿ ಹೆಚ್ಚಿನವು ಮೋಟಾರು ವಾಹನ ಗುದ್ದಿ ಆಗೋದಲ್ಲ. ತಾವೇ ಜಾರಿ, ಅಂಚಿಗೆ ತಾಗಿ, ಹತ್ತುವಾಗ ಇಳಿಯುವಾಗ ಬಿದ್ದು ಆಗೋದು. ಹಾಗಾಗಿ ಅಪ್ಪನ ಸೈಕಲ್‌ಗೆ ಎರಡು ಬದಲಾವಣೆ ಮಾಡಿದ್ವಿ. ನಡುವಿನ ಅಡ್ಡ ಪೈಪ್ ಇಲ್ಲದ ಲೇಡೀಸ್ ಸೈಕಲ್ ತಂದ್ವಿ, ಕಾಲು ಎತ್ತಿ ಹಿಂದಿನಿಂದ ಹಾಕೋ ಕಷ್ಟ ಇಲ್ಲ. ಸೀಟು ಇಳಿಸಿದ್ವಿ, ಕೂತಲ್ಲೇ ಎರಡೂ ಪಾದ ನೆಲ ಮುಟ್ಟುತ್ತೆ. "ಲೇಡೀಸ್ ಸೈಕಲ್ ಹೊಡೀಬೇಕೇನು ನಾನು?" ಅಂತ ಎರಡು ದಿನ ಮುನಿಸ್ಕೊಂಡಿದ್ರು. ಮೂರನೇ ದಿನ ಅವ್ವ ನಕ್ಕಿದ್ದಕ್ಕೆ ಸಿಟ್ಟಾಗಿ ಹತ್ತಿದ್ರು. ಆಮೇಲೆ ಇಳಿದಿಲ್ಲ.

ಮೂರು ಗಾಲಿ ಸೈಕಲ್ ಕೊಡಿಸಿದ್ರೆ ಬೀಳಲ್ಲ ಅಲ್ವಾ ಅಂತ ಕೆಲವರು ಕೇಳ್ತಾರೆ. ನಿಂತಾಗ ಬೀಳಲ್ಲ, ನಿಜ. ಆದ್ರೆ ಎರಡು ಗಾಲಿಯ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತೆ, ಮೂರು ಗಾಲಿಯದ್ದು ವಾಲಲ್ಲ. ವೇಗವಾಗಿ ತಿರುಗಿಸಿದ್ರೆ ಹೊರಕ್ಕೆ ಮಗುಚುತ್ತೆ. ನಿಧಾನ ತಿರುಗಿಸೋ ಅಭ್ಯಾಸ ಇದ್ರೆ ಮಾತ್ರ ಅದು ಒಳ್ಳೇದು. ಬ್ಯಾಟರಿ ಸೈಕಲ್ ಬಗ್ಗೆಯೂ ಒಂದು ಮಾತು. 250 ವಾಟ್ ಒಳಗಿನ ಮೋಟಾರ್, 25 ಕಿ.ಮೀ. ಒಳಗಿನ ವೇಗ ಇದ್ರೆ ನಮ್ಮ ದೇಶದಲ್ಲಿ ನೋಂದಣಿ ಬೇಡ. ಕಾನೂನಿಗೆ ಅದು ಸೈಕಲ್ ಇದ್ದ ಹಾಗೆ. ಆದ್ರೆ ಕಾಲನಿಯೊಳಗೆ 25 ಅಂದ್ರೆ ಏನು ಅಂತ ಮೇಲೆ ನೋಡಿದ್ವಿ.

ಹಂಪ್ ಹಾಕಿದ್ರೆ ಆಗಲ್ವಾ?

ಮೀಟಿಂಗ್‌ನಲ್ಲಿ ಮೊದಲು ಬಂದ ಸಲಹೆ ಇದೇ. ಅಂಗಡಿಯಲ್ಲಿ ಸಿಗೋ ಕಪ್ಪು ಹಳದಿ ರಬ್ಬರ್ ಪಟ್ಟಿ ತಂದು ಬಡಿಯೋಣ ಅಂತ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಹೇಳೋ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದುಂಡಗೆ ಏರಿ ಇಳಿಯೋದು. ಅದೂ ವಾಹನಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲಿ ಅಂತ ಲೆಕ್ಕ ಹಾಕಿದ್ದು. ನಾವು ಬಡಿಯೋ ಗಿಡ್ಡ ಚೂಪು ಪಟ್ಟಿ ಕಾರಿಗೆ ಲೆಕ್ಕಕ್ಕೇ ಇಲ್ಲ, ವಾಕರ್ ಹಿಡಿದು ಬರೋರಿಗೆ, ವೀಲ್‌ಚೇರ್‌ಗೆ, ಅಪ್ಪನ ಸೈಕಲ್‌ಗೆ ಅದೇ ಗುಡ್ಡ. ಕತ್ತಲಲ್ಲಿ ಎಡವೋಕೆ ಇನ್ನೊಂದು ಜಾಗ.

ವೇಗ ಮಿತಿ 10 ಅಂತ ಬೋರ್ಡ್ ಹಾಕೋಣ ಅಂದ್ರು ಇನ್ನೊಬ್ಬರು. ಸೈಕಲ್‌ಗೆ ಸ್ಪೀಡೋಮೀಟರ್ ಇಲ್ಲ. ಜೊತೆಗೆ ತೀರಾ ನಿಧಾನ ಆದ್ರೆ ಸೈಕಲ್ ತೊನೆಯುತ್ತೆ, ನಡಿಗೆಯ ವೇಗದಲ್ಲಿ ನೇರ ಹೋಗೋದು 72ರ ಸವಾರನಿಗೆ ಕಷ್ಟ. ಹಾಗಾಗಿ ಅಂಕಿಗಿಂತ ನಡವಳಿಕೆಯ ನಿಯಮ ಒಳ್ಳೇದು: ಪಕ್ಕದಲ್ಲಿ ಒಂದೂವರೆ ಮೀಟರ್ ಜಾಗ ಇದ್ರೆ ನಿಧಾನಕ್ಕೆ ದಾಟಿ, ಇಲ್ಲದಿದ್ರೆ ಇಳಿದು ತಳ್ಳಿ.

ನಾನು ನೆದರ್ಲೆಂಡ್ಸ್‌ನ ವೋನೆರ್ಫ್ ಬಗ್ಗೆ ಹೇಳಿದೆ. ಡೆಲ್ಫ್ಟ್ ಊರಿನಲ್ಲಿ ಶುರುವಾಗಿ 1976ರಲ್ಲಿ ಅಲ್ಲಿನ ಕಾನೂನಿಗೆ ಸೇರಿದ ವ್ಯವಸ್ಥೆ. ಆ ಬೀದಿಯಲ್ಲಿ ನಡೆಯೋರಿಗೆ ರಸ್ತೆಯ ಪೂರ್ತಿ ಅಗಲ ಬಳಸೋ ಹಕ್ಕು, ಗಾಡಿ ಅವರ ಹಿಂದೆ ತಾಳ್ಮೆಯಿಂದ ಬರಬೇಕು. ನಡೆಯೋರೂ ಬೇಕಂತಲೇ ಅಡ್ಡ ನಿಲ್ಲುವಂತಿಲ್ಲ. ಗಿಡ, ಬೆಂಚು, ವಕ್ರ ದಾರಿ ಇಟ್ಟು ವೇಗ ತಾನಾಗೇ ಇಳಿಯೋ ಹಾಗೆ ಮಾಡಿರ್ತಾರೆ. ಅಪ್ಪ ಪಕ್ಕದಲ್ಲಿ ಮೆಲ್ಲಗೆ, "ಇದು ನಮ್ಮ ಧಾರವಾಡದ ಓಣಿ ಅಲ್ಲೇನೋ" ಅಂದ್ರು. ನಿಜ. ಕಟ್ಟೆ ಮೇಲೆ ಜನ ಕೂತಿರೋ ಓಣಿಯಲ್ಲಿ ಯಾರೂ ಸೈಕಲ್ ಓಡಿಸ್ತಿರಲಿಲ್ಲ, ಮಾತಾಡಿಸ್ಕೊಂಡು ಹೋಗ್ತಿದ್ರು.

ಆದ್ರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಬ್ರಿಟನ್‌ನಲ್ಲಿ ಅಂಚುಕಲ್ಲನ್ನೇ ತೆಗೆದು ಎಲ್ಲರೂ ಒಂದೇ ಮಟ್ಟದಲ್ಲಿ ಓಡಾಡೋ ರಸ್ತೆಗಳನ್ನ ಮಾಡಿದಾಗ ಕಣ್ಣು ಕಾಣದವರು ವಿರೋಧಿಸಿದ್ರು. ಕೋಲಿಗೆ ಅಂಚು ಸಿಗದಿದ್ರೆ ರಸ್ತೆ ಎಲ್ಲಿ ಶುರು ಅಂತ ಅವರಿಗೆ ಗೊತ್ತಾಗೋದು ಹೇಗೆ? 2018ರಲ್ಲಿ ಅಲ್ಲಿನ ಸರ್ಕಾರವೇ ಅಂಥ ಹೊಸ ಯೋಜನೆಗಳನ್ನ ಸದ್ಯಕ್ಕೆ ನಿಲ್ಲಿಸಿ ಅಂತ ಸ್ಥಳೀಯ ಆಡಳಿತಗಳಿಗೆ ಹೇಳಿತು. ರಸ್ತೆ ಹಂಚ್ಕೊಳ್ಳೋದು ಅಂದ್ರೆ ಗೆರೆಯನ್ನೇ ಅಳಿಸೋದು ಅಂತ ಅರ್ಥ ಅಲ್ಲ.

ಕಾಕು ಹೇಳಿದ ಮಾತು

ನನ್ನ ಲೆಕ್ಕ ಎಲ್ಲಾ ಕೇಳಿದ್ರು. ಯಾರ ಮನಸ್ಸೂ ಬದಲಾದ ಹಾಗೆ ಕಾಣಲಿಲ್ಲ. ನಿಷೇಧದ ಪರ ಕೈ ಎತ್ತೋರೇ ಜಾಸ್ತಿ ಇದ್ರು. ಆಗ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಹಿಂದೆ ಕೂತಿದ್ದ ಕಾಕು ಮರಾಠಿಯಲ್ಲಿ ಹೇಳಿದ ಮಾತು ಇದು: "ಸೈಕಲ್ ಬೇಡ ಅಂತ ನಾನು ಹೇಳ್ತಿಲ್ಲ. ಅದು ನನ್ನ ಹಿಂದಿನಿಂದ ಬರೋದು ಬೇಡ."

ನನ್ನ ನಾಲ್ಕು ಪುಟದ ಲೆಕ್ಕದಲ್ಲಿ ಇದಿರಲಿಲ್ಲ. ಎದುರಿನಿಂದ ಬಂದ್ರೆ ಬೆಲ್ಲೇ ಬೇಡ, ಕಣ್ಣಿಗೆ ಕಾಣುತ್ತೆ. ಎರಡೂ ಕಡೆಯ ವೇಗ ಸೇರೋದ್ರಿಂದ, ಹಿಂದಿನಿಂದ ಬರೋದಕ್ಕೆ ಹೋಲಿಸಿದ್ರೆ ಹತ್ತಿರ ಬರೋ ವೇಗ ಗಂಟೆಗೆ ಸುಮಾರು ಆರು ಕಿ.ಮೀ.ಯಷ್ಟು ಹೆಚ್ಚಾಗುತ್ತೆ, ಅದು ನಷ್ಟ. ಆದ್ರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರ್ತಾರೆ, ಅದು ಅದಕ್ಕಿಂತ ದೊಡ್ಡ ಲಾಭ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ವಾಹನಗಳಿಗೆ ಮುಖ ಮಾಡಿ ನಡೀರಿ ಅಂತ ಹೇಳೋದೂ ಇದಕ್ಕೇ.

ರಿಂಗ್ ರಸ್ತೆಗೆ ಇದನ್ನ ಹೊಂದಿಸೋದು ಸುಲಭ: ನಡೆಯೋರು ಒಂದು ದಿಕ್ಕು, ಸೈಕಲ್ ಎದುರು ದಿಕ್ಕು. ನಡುವೆ ಗಣಪತಿ ಗುಡಿ ಇರೋದ್ರಿಂದ ವಾಕಿಂಗ್ ಮಾಡೋರು ಅಪ್ರದಕ್ಷಿಣೆ ಬರಲ್ಲ ಅಂತ ಖಡಾಖಂಡಿತ ಹೇಳಿದ್ರು. ಸರಿ, ನಡೆಯೋರು ಪ್ರದಕ್ಷಿಣೆ, ಸೈಕಲ್ ಅಪ್ರದಕ್ಷಿಣೆ. ಇಬ್ಬರೂ ಅವರವರ ಎಡಕ್ಕೇ ಇದ್ರೆ ನಡೆಯೋರು ಹೊರ ಅಂಚಿಗೆ, ಸೈಕಲ್ ಒಳ ಅಂಚಿಗೆ, ನಡುವೆ ತಾನಾಗೇ ಜಾಗ. ಒಂದು ತೊಡಕಿತ್ತು. ತಿರುವಿನಲ್ಲಿ ಒಳ ಅಂಚಿನಿಂದ ರಸ್ತೆ ಕಮ್ಮಿ ಕಾಣುತ್ತೆ. ಅದಕ್ಕೆ ಕಾಗದದ ಹೂವಿನ ಬೇಲಿಯನ್ನ ಮೊಣಕಾಲೆತ್ತರಕ್ಕೆ ಕತ್ತರಿಸಲೇಬೇಕಾಯ್ತು. ಹೂವಿನ ಬೇಲಿಗಾಗಿ ಜಗಳ ಆಡಿದವರೂ ಇದ್ರು. ಕಡೆಗೆ ಆರು ತಿಂಗಳ ಪ್ರಯೋಗ ಅಂತ ತೀರ್ಮಾನ ಆಯ್ತು.

ನೀವು ಏನು ಮಾಡಬಹುದು

ಅಪ್ಪ ಅಮ್ಮನಿಗೆ ಕಾಲನಿ ನೋಡೋಕೆ ಹೋದ್ರೆ ಬೆಳಿಗ್ಗೆ ಆರೂವರೆಗೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ ಒಳಗಿನ ರಸ್ತೆಯಲ್ಲಿ ನಡೆದು ನೋಡಿ. ತಿರುವಿನಲ್ಲಿ ನಿಂತು ಎಷ್ಟು ದೂರ ಕಾಣುತ್ತೆ ಅಂತ ಹೆಜ್ಜೆ ಹಾಕಿ ಅಳೀರಿ. 15 ಮೀಟರ್‌ಗಿಂತ ಕಮ್ಮಿ ಇದ್ರೆ ಬೇಲಿ ಕತ್ತರಿಸಿ ಅಂತ ಕೇಳಿ. ಡೆಲಿವರಿ ಬೈಕ್‌ಗಳು ಎಲ್ಲಿಯ ತನಕ ಬರ್ತವೆ ಅಂತಲೂ ಕೇಳಿ.

ನೀವೇ ಸೈಕಲ್ ಹೊಡೆಯೋರಾದ್ರೆ ಹತ್ತಿರ ಬಂದು ಬೆಲ್ ಹೊಡೀಬೇಡಿ. 15-20 ಮೀಟರ್ ದೂರದಿಂದ ಹೊಡೀರಿ, ಆಮೇಲೆ ನಿಧಾನ ಆಗಿ. ದಪ್ಪ ಸದ್ದಿನ ಹಳೇ ಕಾಲದ ದೊಡ್ಡ ಬೆಲ್ ಹಾಕಿಸಿ. "ಎಡಕ್ಕೆ, ಎಡಕ್ಕೆ" ಅಂತ ಕೂಗಿದ್ರೆ ಅವರು ಎಡಕ್ಕೇ ಬರ್ತಾರೆ. ಅದರ ಬದಲು "ನಮಸ್ಕಾರ ಕಾಕು, ನಿಧಾನ ಬರ್ತಿದ್ದೀನಿ" ಅನ್ನಿ. ಮನುಷ್ಯರ ಮಾತಿಗೆ ಯಾರೂ ಬೆಚ್ಚಿ ಬೀಳಲ್ಲ.

ವಾಕಿಂಗ್ ಮಾಡೋ ಹಿರಿಯರಿಗೆ ಹೇಳೋದು ಒಂದೇ ಮಾತು. ಬೆಲ್ ಕೇಳಿದ್ರೆ ತಿರುಗಬೇಡಿ. ಇದ್ದಲ್ಲೇ ನಿಂತುಬಿಡಿ. ಸುತ್ತು ಹಾಕಿ ಹೋಗೋ ಕೆಲಸ ಸವಾರನದು.

ನಮ್ಮ ಪ್ರಯೋಗ ಎರಡೂವರೆ ತಿಂಗಳು ಮುಗಿಸಿದೆ. ಯಾರೂ ಬಿದ್ದಿಲ್ಲ, ಆದ್ರೆ ಎರಡೂವರೆ ತಿಂಗಳ ಡೇಟಾ ಇಟ್ಕೊಂಡು ಗೆದ್ವಿ ಅನ್ನೋದು ತಪ್ಪು. ಕಾಕು ಪ್ಲಾಸ್ಟರ್ ಬಿಚ್ಚಿಸಿದ್ದಾರೆ. ಚಪಾತಿ ಲಟ್ಟಿಸೋಕೆ ಇನ್ನೂ ಆಗ್ತಿಲ್ಲ ಅಂದ್ರು. ಆ ತಿರುವಿಗೆ ಬಂದಾಗ ಈಗಲೂ ಪಕ್ಕದವರ ತೋಳು ಹಿಡ್ಕೋತಾರೆ, ಎದುರಿಗೆ ನಾನೇ ಬರ್ತಿದ್ರೂ. ನಾನು ಇಳಿದು ಸೈಕಲ್ ತಳ್ಕೊಂಡು ಅವರನ್ನ ದಾಟ್ತೀನಿ. ಅಪ್ಪ ಹಿಂದಿನಿಂದ, "ಇಷ್ಟ್ ದಿನ ಯಾಕ ಇಳೀತಿರ್ಲಿಲ್ಲೋ?" ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಿಮ್ಮ ಕಾಲನಿಯಲ್ಲಿ ಏನು ವ್ಯವಸ್ಥೆ ಇದೆ, ಏನು ತೊಂದರೆ ಇದೆ, ಬರೆದು ತಿಳಿಸಿ. ಮುಂದಿನ ವಾರ ಮತ್ತೆ ನಮ್ಮ ಮಾಮೂಲಿ ಸಾಫ್ಟ್‌ವೇರ್ ಮಾತಿಗೆ ಬರೋಣ. ಅಲ್ಲಿಯ ತನಕ ನಿಧಾನ ಹೋಗಿ.